ಮಡಿಕೇರಿಗೆ ಓದೋಕೆ ಬರ್ತಿದ್ದೀರಾ? ಮೊದಲು ಮಹದೇವಪೇಟೆಯ ಈ ಕೊಡೆ ಅಂಗಡಿಗೆ ಹೋಗಿ

ಈ ಅಂಗಡಿಗೆ ಹೆಸರಿಲ್ಲ. ಮುಂಚೆ ಬೋರ್ಡ್ ಇತ್ತಂತೆ, ಯಾವುದೋ ವರ್ಷದ ಗಾಳಿಮಳೆಗೆ ಬಿದ್ದುಹೋಯ್ತಂತೆ, ಆಮೇಲೆ ಮತ್ತೆ ಹಾಕಿಸಿಲ್ಲ. ಮಹದೇವಪೇಟೆ ರೋಡಲ್ಲಿ ಗದ್ದುಗೆ (ಕೊಡಗಿನ ರಾಜರ ಸಮಾಧಿಗಳು) ಕಡೆ ನಡ್ಕೊಂಡು ಹೋಗಿ, ಒಂದು ಅಂಗಡಿ ಬಾಗಿಲ ಮೇಲೆ ಹಳೇ ಕಪ್ಪು ಕೊಡೆ ಬಿಚ್ಚಿ ತಲೆಕೆಳಗೆ ನೇತು ಹಾಕಿರೋದು ಕಾಣುತ್ತೆ, ಅದೇ ಗುರುತು. ಒಳಗೆ ಇಬ್ಬರು ನಿಂತ್ರೆ ಮೂರನೆಯವರಿಗೆ ಜಾಗ ಇಲ್ಲ. ಕೊಡೆ, ರೈನ್‌ಕೋಟು, ಗಮ್‌ಬೂಟು, ಬ್ಯಾಗ್ ಕವರ್ರು, ಟಾರ್ಪಾಲು, ಅಷ್ಟೇ ಸಾಮಾನು. ಮುಖ್ಯವಾಗಿ ಕೊಡೆ ರಿಪೇರಿ. ಅಂಗಡಿ ನಡೆಸೋರು ಅರವತ್ತು ದಾಟಿರೋ ಒಬ್ಬರು, ಊರಲ್ಲೆಲ್ಲ ಅವರನ್ನ ಇಕ್ಕ (ಮಲಯಾಳಂನಲ್ಲಿ ಅಣ್ಣ ಅಂತ) ಅಂತಾರೆ, ನಾನೂ ಹಾಗೇ ಕರೀತೀನಿ.

ನಾನು ಚಳ್ಳಕೆರೆಯವಳು. ನಮ್ಮ ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬಿದ್ರೆ ಒಳ್ಳೆ ವರ್ಷ ಅಂತಾರೆ, ಶೇಂಗಾ ಬೆಳೆ ಉಳೀತು ಅಂತ ಎಲ್ರ ಮುಖದಲ್ಲೂ ಗೆಲುವು. ಮಡಿಕೇರಿಯಲ್ಲಿ ಬೀಳೋದು 3000ಕ್ಕೂ ಮೇಲೆ. ಈ ಲೆಕ್ಕ ನಂಗೆ ಮುಂಚೇನೇ ಗೊತ್ತಿತ್ತು, ಪಿಯುಸೀಲಿ ಭೂಗೋಳದಲ್ಲಿ ಓದಿದ್ದೆ, ಆದ್ರೆ ಓದೋದು ಬೇರೆ, ಮೈಮೇಲೆ ಬೀಳೋದು ಬೇರೆ. ಜುಲೈನಲ್ಲಿ ಅಡ್ಮಿಶನ್‌ಗೆ ಬಂದಾಗ ಮೈಸೂರಿಂದ ಬಸ್ ಹತ್ತಿದ್ದು (ಕೊಡಗಿಗೆ ರೈಲೇ ಇಲ್ಲ, ಬಸ್ಸೇ ಗತಿ), ಹುಣಸೂರು ಪಿರಿಯಾಪಟ್ಟಣ ತನಕ ಬಿಸಿಲು, ಕುಶಾಲನಗರ ದಾಟಿದ ಮೇಲೆ ಮೋಡ, ಸುಂಟಿಕೊಪ್ಪ ಬರೋ ಹೊತ್ತಿಗೆ ಬಸ್ಸಿನ ಗಾಜಿನ ಹೊರಗೆ ಏನೂ ಕಾಣ್ತಿರ್ಲಿಲ್ಲ, ಮಡಿಕೇರಿಯಲ್ಲಿ ಇಳಿದಾಗ ಮಧ್ಯಾಹ್ನ ಎರಡು ಗಂಟೆ, ಅಂಗಡಿಗಳಲ್ಲೆಲ್ಲ ಲೈಟ್ ಹಾಕಿದ್ರು.

ನನ್ನ ಕೈಯಲ್ಲಿದ್ದಿದ್ದು ಆನ್‌ಲೈನಲ್ಲಿ ತರಿಸಿದ್ದ ತ್ರೀ ಫೋಲ್ಡ್ ಕೊಡೆ, ನೇರಳೆ ಬಣ್ಣ, ಮಡಚಿದ್ರೆ ಟಿಫನ್ ಡಬ್ಬಿಗಿಂತ ಚಿಕ್ಕದು. ಎಂಥ ಗಾಳಿಗೂ ಏನೂ ಆಗಲ್ಲ ಅಂತ ಬರೆದಿದ್ರು. ಮೂರನೇ ದಿನ ಕಾಲೇಜಿಂದ ವಾಪಸ್ ಬರ್ತಾ ತಿರುವಿನಲ್ಲಿ ಕೆಳಗಿಂದ ಗಾಳಿ ನುಗ್ಗಿತು, ಕೊಡೆ ಉಲ್ಟಾ ಆಯ್ತು, ಎರಡು ಕಡ್ಡಿ ಮುರೀತು. ನೋಟ್ಸು, ಟಿಸಿ ಜೆರಾಕ್ಸು, ಬಸ್‌ಪಾಸ್ ಫಾರಂ ಎಲ್ಲ ನೆನೆದು ಮುದ್ದೆ ಆದ್ವು. ಪಿಜಿಗೆ ಹೋದ್ರೆ ಅಲ್ಲಿ ಬಟ್ಟೆ ಒಣಗಿಸೋಕೆ ಒಂದು ಹಗ್ಗ ಬಿಟ್ರೆ ಬೇರೇನಿಲ್ಲ, ಹದಿನಾಲ್ಕು ಹುಡುಗಿಯರ ಬಟ್ಟೆ ಒಂದೇ ಹಗ್ಗದ ಮೇಲೆ, ನಾಲ್ಕು ದಿನ ಆದ್ರೂ ಒಣಗದೆ ಮುಗ್ಗಲು ವಾಸನೆ. ಅವತ್ತು ರಾತ್ರಿ ಅಮ್ಮಂಗೆ ಫೋನ್ ಮಾಡಿ ನಾನಿಲ್ಲಿ ಇರಲ್ಲ ಅಂತ ಅತ್ತಿದ್ದೆ. ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ ಬಯಲುಸೀಮೆಯಿಂದ ಇಲ್ಲಿಗೆ ಬರೋ ಸುಮಾರು ಜನಕ್ಕೆ ಮೊದಲನೇ ವಾರ ಹೀಗೇ ಆಗುತ್ತೆ, ಅದು ಊರಿನ ತಪ್ಪೂ ಅಲ್ಲ ನಿಮ್ಮ ತಪ್ಪೂ ಅಲ್ಲ. ಸರಿಯಾದ ಸಾಮಾನು ಇಲ್ಲ ಅಷ್ಟೇ.

ನನ್ನ ರೂಮ್‌ಮೇಟ್ ಸೋಮವಾರಪೇಟೆ ಕಡೆಯ ಹುಡುಗಿ, ಅವಳೇ ಮರುದಿನ ಇಕ್ಕನ ಅಂಗಡಿಗೆ ಕರ್ಕೊಂಡು ಹೋದ್ಲು. ಹೊಸ ಕೊಡೆ ತಗೊಳ್ಳೋಣ ಅಂತಲೇ ಹೋಗಿದ್ದೆ. ಇಕ್ಕ ನನ್ನ ನೇರಳೆ ಕೊಡೆ ಇಸ್ಕೊಂಡು ಬಿಚ್ಚಿ ತಿರುಗಿಸಿ ನೋಡಿ, "ಮೋಳೇ (ಮಗಳೇ), ಇದು ಬಿಸಿಲಿಗೆ ಮಾಡಿದ ಕೊಡೆ. ಮಳೆಗಲ್ಲ. ಹಾಗಂತ ಬಿಸಾಡ್ಬೇಡ, ಎರಡು ಕಡ್ಡಿ ಹೋಗಿದೆ, ಹಾಕಿ ಕೊಡ್ತೇನೆ" ಅಂದ್ರು. ನಂಗೆ ಅದೇ ಹಿಡಿಸ್ತು. ಎದುರಿಗೆ ಹೊಸ ಕೊಡೆಗಳು ಸಾಲಾಗಿ ನೇತಾಡ್ತಿವೆ, ನಾನು ದುಡ್ಡು ಹಿಡ್ಕೊಂಡು ನಿಂತಿದ್ದೀನಿ, ಆದ್ರೂ ಆ ಮನುಷ್ಯ ಮೊದಲು ರಿಪೇರಿ ಮಾತಾಡ್ತಾರೆ.

ಅವರು ಕೆಲಸ ಮಾಡೋದನ್ನ ನೋಡ್ಬೇಕು. ಚಿಕ್ಕ ಸ್ಟೂಲ್ ಮೇಲೆ ಕೂತು ಕೊಡೆನ ತೊಡೆ ಮೇಲೆ ಮಲಗಿಸಿ ಒಂದೊಂದು ಕಡ್ಡಿ ಉದ್ದಕ್ಕೂ ಬೆರಳು ಎಳೀತಾರೆ, ಎಲ್ಲಿ ಸೊಟ್ಟ ಆಗಿದೆ ಅಂತ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತೆ. ಪಕ್ಕದಲ್ಲಿ ನಾಲ್ಕು ಬಿಸ್ಕತ್ ಡಬ್ಬ, ಅದರಲ್ಲಿ ಹಳೇ ಕೊಡೆಗಳಿಂದ ಬಿಚ್ಚಿದ ಕಡ್ಡಿಗಳು ಉದ್ದದ ಪ್ರಕಾರ ಬೇರೆ ಬೇರೆ. ಒಂದು ತೆಗೆದು ಅಳತೆ ಹಿಡಿದು, ಸಣ್ಣ ಇಕ್ಕಳದಲ್ಲಿ ಹಳೇ ತಂತಿ ಕತ್ತರಿಸಿ, ಹೊಸ ತಂತಿ ಆ ಸೂಜಿಮೊನೆಯಷ್ಟು ತೂತಿನಲ್ಲಿ ತೂರಿಸಿ ಎರಡು ಸುತ್ತು ತಿರುಚಿ, ತುದಿನ ಒಳಗಡೆ ಬಗ್ಗಿಸ್ತಾರೆ, ಬಟ್ಟೆಗೆ ಚುಚ್ಚಬಾರ್ದು ಅಂತ. ಆಮೇಲೆ ಮೇಣ ಉಜ್ಜಿದ ದಾರದಲ್ಲಿ ಬಟ್ಟೆ ಮೂಲೆ ಕಟ್ತಾರೆ. ಕೊನೇಗೆ ಕೊಡೆ ಬಿಚ್ಚಿ ಕಿವಿ ಹತ್ತಿರ ಹಿಡಿದು ನಿಧಾನಕ್ಕೆ ತಿರುಗಿಸ್ತಾರೆ. ಎಲ್ಲಾದ್ರೂ ಟಿಕ್ ಅಂತ ಸದ್ದು ಬಂದ್ರೆ ಮತ್ತೆ ಬಿಚ್ಚೋದೇ. ನಂದು ಒಂದ್ಸಲ ಬಿಚ್ಚಿದ್ರು. ಎರಡು ಕಡ್ಡಿಗೆ 60 ರೂಪಾಯಿ ತಗೊಂಡ್ರು.

ಮಳೆಗೆ ಅಂತ ನಾನು ಬೇರೆ ಕೊಡೆ ತಗೊಂಡೆ, ಅವರೇ ಹೇಳಿದ್ದು ಉದ್ದ ಕೊಡೆ ತಗೋ ಅಂತ. ಕಾರಣ ಕೇಳಿದ್ದಕ್ಕೆ ಎರಡನ್ನೂ ಪಕ್ಕಪಕ್ಕ ಬಿಚ್ಚಿ ತೋರಿಸಿದ್ರು. ಮೂರು ಮಡಿಕೆ ಕೊಡೆಯ ಒಂದೊಂದು ಕಡ್ಡಿಗೂ ಜಾಸ್ತಿ ಕೀಲು ಇರ್ತವೆ, ಗಾಳಿಗೆ ಮೊದಲು ಹೋಗೋದೇ ಕೀಲು. ಉದ್ದ ಕೊಡೆಯಲ್ಲಿ ಮಡಚೋ ಕೀಲು ಕಡಿಮೆ, ಕಡ್ಡಿ ಒಂದೇ ಉದ್ದಕ್ಕೆ ಇರುತ್ತೆ. ಅದರಲ್ಲೂ ಸ್ಟೀಲ್ ಬಿಟ್ಟು ಫೈಬರ್ ಕಡ್ಡಿದು ತಗೊಂಡ್ರೆ ಬಗ್ಗಿ ವಾಪಸ್ ಬರುತ್ತೆ, ತುಕ್ಕೂ ಹಿಡಿಯಲ್ಲ. ಅವರ ಹತ್ರ ಕೇರಳದ ಆಲಪ್ಪುಳದ ಬ್ರ್ಯಾಂಡ್ ಕೊಡೆಗಳೂ ಇವೆ, ಪೊಪ್ಪಿ, ಜಾನ್ಸ್, ಹೆಸರು ಕೇಳಿರ್ತೀರ, ಇಲ್ಲಿ ಅವಕ್ಕೇ ಡಿಮ್ಯಾಂಡು. ನಾನು ತಗೊಂಡಿದ್ದು ಹೆಸರಿಲ್ಲದ ಕಪ್ಪು ಉದ್ದ ಕೊಡೆ, 450 ರೂಪಾಯಿ. ಹಾಸ್ಟೆಲ್ಲು ಪಿಜಿ ಅಂತ ದುಡ್ಡು ಖರ್ಚಾಗಿರೋ ಟೈಮಲ್ಲಿ ಅದೂ ಜಾಸ್ತಿನೇ, ಆದ್ರೆ ಜುಲೈಯಿಂದ ಇವತ್ತಿನವರೆಗೆ ಒಂದೇ ಒಂದು ಸಲ ರಿಪೇರಿಗೆ ಹೋಗಿದೆ, ಅದೂ ಬರೀ ದಾರ ಬಿಚ್ಚಿತ್ತು, ದುಡ್ಡೂ ತಗೊಳ್ಲಿಲ್ಲ.

ಕೊಡೆ ಇಟ್ಕೊಳ್ಳೋದು ಹೇಗೆ ಅಂತಾನೂ ಕಲಿಸಿಕೊಟ್ರು, ಇದನ್ನ ಬೇರೆ ಯಾವ ಅಂಗಡೀಲೂ ಹೇಳಲ್ಲ. ಒದ್ದೆ ಕೊಡೆನ ಸುತ್ತಿ ಬಟನ್ ಹಾಕಿ ಮೂಲೇಲಿ ಇಡಬಾರ್ದು, ಅರ್ಧ ಬಿಚ್ಚಿ ಹಿಡಿ ಕೆಳಗೆ ಬರೋ ಹಾಗೆ ನೇತು ಹಾಕ್ಬೇಕು, ನೀರು ಕಡ್ಡಿ ತುದಿಯಿಂದ ಇಳಿದು ಹೋಗುತ್ತೆ, ಮಧ್ಯದ ಸ್ಪ್ರಿಂಗಲ್ಲಿ ನಿಲ್ಲಲ್ಲ. ಹದಿನೈದು ದಿನಕ್ಕೊಂದ್ಸಲ ಕೀಲಿಗೆ ಹೊಲಿಗೆ ಮಿಶನ್ ಎಣ್ಣೆ ಒಂದು ಹನಿ. ಗಾಳಿ ಬಂದಾಗ ಕೊಡೆನ ಮೇಲಕ್ಕೆತ್ತಿ ಹಿಡಿಯೋದಲ್ಲ, ಗಾಳಿ ಬರೋ ಕಡೆಗೇ ಬಗ್ಗಿಸಿ ತಲೆ ಹತ್ತಿರ ತರೋದು. ಮಡಿಕೇರಿಯಲ್ಲಿ ಗಾಳಿ ಬರೀ ಎದುರಿಂದ ಬರಲ್ಲ, ಕಣಿವೆಯಿಂದ ಮೇಲಕ್ಕೆ ಏರಿ ಬರುತ್ತೆ, 1100 ಮೀಟರಿಗೂ ಎತ್ತರದಲ್ಲಿರೋ ಊರು, ರಸ್ತೆಗಳೆಲ್ಲ ಗುಡ್ಡದ ಅಂಚಲ್ಲೇ. ತಿರುವು ಬರೋ ಮೊದಲೇ ಕೊಡೆ ಇಳಿಸ್ಕೋ ಅಂದ್ರು. ಆಮೇಲಿಂದ ನನ್ನ ಕೊಡೆ ಉಲ್ಟಾ ಆಗಿಲ್ಲ.

ಈ ಒಂದು ಕೊಡೆ ಕೈಗೆ ಬಂದ ಮೇಲೆ ನಾನು ಊರು ನೋಡೋಕೆ ಶುರು ಮಾಡಿದ್ದು. ಅಲ್ಲೀವರೆಗೆ ಕಾಲೇಜು ಪಿಜಿ, ಪಿಜಿ ಕಾಲೇಜು ಅಷ್ಟೇ ಇತ್ತು. ಮಳೆ ನಿಂತ ಮೇಲೆ ಹೋಗೋಣ ಅಂತ ಕಾಯ್ತಾ ಕೂತ್ರೆ ಇಲ್ಲಿ ಒಂದು ಸೆಮಿಸ್ಟರೇ ಮುಗಿದು ಹೋಗುತ್ತೆ, ಇಲ್ಲಿಯವರು ಯಾರೂ ಮಳೆ ನಿಲ್ಲಲಿ ಅಂತ ಕಾಯಲ್ಲ, ಮದುವೆ, ಸಂತೆ, ಕ್ರಿಕೆಟ್ಟು ಎಲ್ಲ ಮಳೇಲೇ ನಡೆಯುತ್ತೆ.

ಮೊದಲು ನೋಡಿದ್ದು ನಮ್ಮ ಕಾಲೇಜನ್ನೇ. ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜು, 1949ರಲ್ಲಿ ಶುರುವಾಗಿದ್ದು, ಅದೇ ವರ್ಷ ಜನವರಿ 15ಕ್ಕೆ ಕಾರ್ಯಪ್ಪನವರು ಭಾರತದ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದು. ಕ್ಲಾಸಲ್ಲಿ ಕಿಟಕಿ ಪಕ್ಕ ಕೂತ್ರೆ ಮಂಜು ಒಳಗೇ ಬರುತ್ತೆ, ಬೋರ್ಡ್ ಮೇಲೆ ಬರೆದಿದ್ದು ಹಿಂದಿನ ಬೆಂಚಿಗೆ ಮಸುಕಾಗೋ ದಿನಗಳೂ ಇರ್ತವೆ, ಐದು ನಿಮಿಷ ಬಿಟ್ರೆ ಎದುರಿನ ಗುಡ್ಡ ತೊಳೆದಿಟ್ಟ ಹಾಗೆ ಕಾಣುತ್ತೆ. ಬ್ಯಾಗಿಗೆ ಕವರ್ ಇಲ್ದೆ ಕ್ಯಾಂಪಸ್ಸಲ್ಲಿ ಓಡಾಡಬೇಡಿ, ಇಕ್ಕನ ಅಂಗಡೀಲಿ 120 ರೂಪಾಯಿಗೆ ಸಿಗುತ್ತೆ, ಎಲಾಸ್ಟಿಕ್ ಗಟ್ಟಿ ಇದೆಯಾ ನೋಡಿ ತಗೊಳ್ಳಿ, ನನ್ನದು ಎರಡು ತಿಂಗಳಿಗೆ ಸಡಿಲ ಆಯ್ತು.

ಆಮೇಲೆ ಕೋಟೆ. ಹಿಂದೆ ಕೊಡಗು ಆಳಿದ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆನ ಟಿಪ್ಪು ಕಲ್ಲಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟಿದ್ದನಂತೆ. ಒಳಗೆ ಎರಡು ಗಾರೆ ಆನೆಗಳು ನಿಂತಿವೆ, ಮಳೇಲಿ ಅವುಗಳ ಮೈ ಕಪ್ಪಗಾಗಿ ಹೊಳೆಯೋವಾಗ ನೋಡ್ಬೇಕು, ಬೇಸಿಗೇಲಿ ಬರೋ ಟೂರಿಸ್ಟುಗಳಿಗೆ ಅದು ಸಿಗಲ್ಲ. ಹಳೇ ಚರ್ಚ್ ಕಟ್ಟಡದಲ್ಲಿ ಮ್ಯೂಸಿಯಂ ಇದೆ. ಓಂಕಾರೇಶ್ವರ ದೇವಸ್ಥಾನಕ್ಕೆ ಹೋದಾಗ ಎದುರಿನ ಕೆರೆ ಮೇಲೆ ಹನಿ ಬೀಳೋದನ್ನ ನೋಡ್ತಾ ಅರ್ಧ ಗಂಟೆ ನಿಂತಿದ್ದೀನಿ, ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು, ಮಧ್ಯದಲ್ಲಿ ಗುಮ್ಮಟ ಇರೋ ಶಿವನ ಗುಡಿ ನಾನು ಅಲ್ಲೀವರೆಗೆ ನೋಡಿರ್ಲಿಲ್ಲ. ತುಂಬಾ ಜೋರು ಮಳೆ ಇದ್ರೆ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಸನ್ನಿಸೈಡ್ ಮನೆಗೆ ಹೋಗಿ, ಅದು 2021ರ ಫೆಬ್ರವರಿಯಿಂದ ಮ್ಯೂಸಿಯಂ, ಒಳಗೇ ನೋಡೋಕೆ ಎರಡು ಗಂಟೆ ಬೇಕು. ರಾಜಾಸೀಟಿಗೆ ಮಾತ್ರ ಮಳೆಗಾಲದಲ್ಲಿ ಸೂರ್ಯಾಸ್ತ ಅಂತ ಹೋಗ್ಬೇಡಿ, ಬಿಳಿ ಗೋಡೆ ಕಂಡ ಹಾಗೆ ಮಂಜು ಬಿಟ್ರೆ ಏನೂ ಕಾಣಲ್ಲ. ನಂಗೆ ಅದೂ ಇಷ್ಟ, ಆದ್ರೆ ಫೋಟೋಗೆ ಅಂತ ಹೋಗೋರಿಗೆ ಬೇಜಾರಾಗುತ್ತೆ.

ಶುಕ್ರವಾರ ಸಂತೆ. ಅಲ್ಲಿಗೆ ಹೋಗೋಕೆ ನಂಗೆ ಗಮ್‌ಬೂಟ್ ಬೇಕೇಬೇಕು ಅಂತ ಗೊತ್ತಾಯ್ತು, ಕಾಲಿಡೋ ಕಡೆಯೆಲ್ಲ ಕೆಸರು. ಕಣಿಲೆ (ಎಳೇ ಬಿದಿರಿನ ಮೊಳಕೆ), ಅಣಬೆ, ಕೆಸುವಿನ ಎಲೆ, ಚಿಕ್ಕ ಚಿಕ್ಕ ಕಿತ್ತಳೆ, ನಮ್ಮ ಕಡೆ ಕಣಿಲೆ ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಮಾರೋ ಅಕ್ಕ ನೀರಲ್ಲಿ ನೆನೆಸಿ ನೀರು ಬದಲಾಯಿಸ್ತಾ ಇರು ಅಂತ ಹೇಳಿಕೊಟ್ರು. ಕೊಡವರ ಲೆಕ್ಕದ ಕಕ್ಕಡ ತಿಂಗಳ ಹದಿನೆಂಟಕ್ಕೆ, ಅಂದ್ರೆ ಆಗಸ್ಟ್ 3ಕ್ಕೆ, ಕ್ಲಾಸ್‌ಮೇಟ್ ಮನೆಯವರು ಊಟಕ್ಕೆ ಕರೆದಿದ್ರು, ಮದ್ದುಸೊಪ್ಪಿನ ಪಾಯಸ ಕೊಟ್ರು, ಸೊಪ್ಪು ಕುದಿಸಿದ ನೀರು ಕಡು ನೇರಳೆ, ಅವತ್ತು ಆ ಸೊಪ್ಪಲ್ಲಿ ಹದಿನೆಂಟು ಥರದ ಮದ್ದು ಇರುತ್ತೆ ಅಂತ ನಂಬ್ತಾರೆ, ಮೇಲೆ ತುಪ್ಪ ಜೇನು ಹಾಕ್ಕೊಂಡು ತಿಂದ್ವಿ. ಅವರ ಮನೆ ತೋಟದ ಒಳಗೆ, ಬಸ್ ಇಳಿದು ಮುಕ್ಕಾಲು ಗಂಟೆ ಕಾಲುದಾರಿ, ಅವತ್ತು ಗಮ್‌ಬೂಟು ಇಲ್ದಿದ್ರೆ ನಾನು ಹೋಗ್ತಾನೇ ಇರ್ಲಿಲ್ಲ.

ಗಮ್‌ಬೂಟಿನ ವಿಷಯದಲ್ಲಿ ಮಾತ್ರ ಈ ಅಂಗಡಿ ಮೇಲೆ ನಂಗೆ ಸ್ವಲ್ಪ ಅಸಮಾಧಾನ ಇದೆ, ಅದನ್ನೂ ಹೇಳ್ಬೇಕು. ಹುಡುಗಿಯರ ಅಳತೆದು ಕಡಿಮೆ ಇಡ್ತಾರೆ, ತೋಟದ ಕೆಲಸಕ್ಕೆ ಹೋಗೋ ಗಂಡಸರ ಸೈಜೇ ಜಾಸ್ತಿ. ನಂಗೆ ಸಿಕ್ಕಿದ್ದು ಒಂದು ಸೈಜ್ ದೊಡ್ಡದು, ಹಿಮ್ಮಡಿ ಉಜ್ಜಿ ಎರಡು ದಿನ ಬೊಬ್ಬೆ ಬಂದಿತ್ತು. ಆಮೇಲೆ ದಪ್ಪ ಕಾಲುಚೀಲ ಎರಡು ಹಾಕ್ಕೊಂಡ ಮೇಲೆ ಸರಿಹೋಯ್ತು, ಪ್ಯಾಂಟನ್ನ ಕಾಲುಚೀಲದ ಒಳಗೆ ಸಿಗಿಸಿದ್ರೆ ಜಿಗಣೆಗೂ ದಾರಿ ಸಿಗಲ್ಲ. ಜಿಗಣೆ ಹತ್ತಿದ್ರೆ ಕಿತ್ತು ಎಳೀಬೇಡಿ, ಸ್ವಲ್ಪ ಉಪ್ಪು ಹಾಕಿ, ತಾನೇ ಬಿಡುತ್ತೆ. ರೈನ್‌ಕೋಟಲ್ಲಿ 650ರದ್ದು ಇದೆ, ನಾನು ತಗೋಬೇಡಿ ಅಂತೀನಿ, ಏರು ಹತ್ತೋವಾಗ ಬೆವರಿ ಒಳಗಿಂದಾನೇ ಒದ್ದೆ ಆಗ್ತೀವಿ. ಮಳೆ ಜೋರಾದ ವಾರಗಳಲ್ಲಿ ರಿಪೇರಿಗೆ ಕೊಟ್ರೆ ಎರಡು ಮೂರು ದಿನ ಆಗುತ್ತೆ, ಅಷ್ಟು ಕೊಡೆ ಬಂದು ಬಿದ್ದಿರ್ತವೆ, ಆದ್ರೆ ಸ್ಟೂಡೆಂಟ್ ಅಂದ್ರೆ ಬದಲಿಗೆ ಒಂದು ಹಳೇ ಕೊಡೆ ಕೊಟ್ಟು ಕಳಿಸ್ತಾರೆ, ಹೆಸರು ಕೂಡ ಬರ್ಕೊಳ್ಳಲ್ಲ. ಫೋನ್‌ಪೇ ಇದೆ, ಕರೆಂಟ್ ಹೋದ್ರೆ ನೆಟ್‌ವರ್ಕೂ ಹೋಗುತ್ತೆ, ಅದಕ್ಕೆ ಚಿಲ್ಲರೆ ಇಟ್ಕೊಂಡು ಹೋಗಿ. ಶುಕ್ರವಾರ ಮಧ್ಯಾಹ್ನ ನಮಾಜಿಗೆ ಬಾಗಿಲು ಹಾಕಿರುತ್ತೆ, ಎರಡೂವರೆ ಮೇಲೆ ತೆಗೀತಾರೆ.

ಇನ್ನೊಂದು ಮಾತು. ಆಗಸ್ಟಲ್ಲಿ ನಾವು ನಾಲ್ಕು ಜನ ಅಬ್ಬಿ ಜಲಪಾತಕ್ಕೆ ಹೋಗೋಣ ಅಂತ ಹೊರಟು ದಾರೀಲಿ ಬ್ಯಾಗ್ ಕವರ್ ತಗೊಳ್ಳೋಕೆ ಅಂಗಡಿಗೆ ಹೋದ್ವಿ. ರೆಡ್ ಅಲರ್ಟ್ ಇತ್ತು, ಡಿಸಿ ರಜೆ ಕೊಟ್ಟಿದ್ರು, ರಜೆ ಇದೆಯಲ್ಲ ಅಂತಲೇ ನಾವು ಹೊರಟಿದ್ದು. ಇಕ್ಕ ಕವರ್ ಕೊಡಲೇ ಇಲ್ಲ. ಸ್ಟೂಲ್ ಮೇಲೆ ಕೂರಿಸಿ 2018ರ ಆಗಸ್ಟ್ ಬಗ್ಗೆ ಹೇಳಿದ್ರು, ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಕಡೆ ಗುಡ್ಡ ಜಾರಿದ್ದು, ಇಲ್ಲೇ ಪ್ರೈವೇಟ್ ಬಸ್‌ಸ್ಟ್ಯಾಂಡ್ ಹಿಂದಿನ ಗುಡ್ಡ ಕುಸಿದಿದ್ದು, ಪರಿಹಾರ ಕೇಂದ್ರಕ್ಕೆ ಅಂತ ಅಂಗಡೀಲಿದ್ದ ಟಾರ್ಪಾಲೆಲ್ಲ ಎತ್ತಿ ಕೊಟ್ಟಿದ್ದು. "ರಜೆ ಕೊಡೋದು ಮನೇಲಿ ಇರ್ಲಿ ಅಂತ ಮಕ್ಕಳೇ, ಸುತ್ತೋಕಲ್ಲ" ಅಂದ್ರು. ನಾವು ವಾಪಸ್ ಬಂದ್ವಿ. ವ್ಯಾಪಾರ ಬಿಟ್ಟು ಹೀಗೆ ಹೇಳೋರು ಹೊಸ ಊರಲ್ಲಿ ಒಬ್ಬರಾದ್ರೂ ಬೇಕು.

ಸೆಪ್ಟೆಂಬರ್ ಕೊನೇಲಿ ಅಮ್ಮ ನನ್ನ ನೋಡೋಕೆ ಬಂದಿದ್ಲು. ಬಸ್‌ಸ್ಟ್ಯಾಂಡಲ್ಲಿ ಇಳಿದವಳೇ "ಎಲ್ಲಿಗ್ ಬಂದು ಸೇರ್ಕಂಡ್ಯವ್ವಾ, ಮುಗಿಲೇ ನೆಲಕ್ಕಿಳ್ದೈತೆ" ಅಂದ್ಲು. ಅವಳನ್ನೂ ಅಂಗಡಿಗೆ ಕರ್ಕೊಂಡು ಹೋದೆ, ಊರಿಗೆ ಒಂದು ಒಳ್ಳೆ ಉದ್ದ ಕೊಡೆ ಕೊಡಿಸೋಣ ಅಂತ. ಇಕ್ಕ ಕೇಳಿದ್ದು ಒಂದೇ, "ಅಮ್ಮಾ, ನಿಮ್ಮೂರಲ್ಲಿ ಮಳೆಗಾ ಬಿಸಿಲಿಗಾ?" ಬಿಸಿಲಿಗೇ ಅಂದ್ಲು ಅಮ್ಮ, ಹೊಲಕ್ಕೆ ಹೋಗೋವಾಗ ತಲೆ ಸುಡುತ್ತೆ ಅಂತ. ಹಾಗಾದ್ರೆ ಹೊಸದು ಯಾಕೆ, ಮಗಳ ಹತ್ರ ಇದೆಯಲ್ಲ ಅಂದ್ರು. ಪಿಜಿಗೆ ಬಂದು ಮಂಚದ ಕೆಳಗಿಂದ ನೇರಳೆ ಕೊಡೆ ತೆಗೆದುಕೊಟ್ಟೆ. ಈಗ ಅದು ಚಳ್ಳಕೆರೆಯಲ್ಲಿದೆ, ಅಮ್ಮ ದಿನಾ ಹಿಡ್ಕೊಂಡು ಹೊಲಕ್ಕೆ ಹೋಗ್ತಾಳೆ, ಇಕ್ಕ ಹಾಕಿಕೊಟ್ಟ ಎರಡು ಕಡ್ಡಿ ಇನ್ನೂ ಹಾಗೇ ಇವೆ.